ಎತ್ತರದ ಕಟ್ಟೆಯ ಮೇಷ್ಟ್ರು

ಹಬ್ಬಕ್ಕೆ ಹಿತ್ತಾಳೆ ಸಾಮಾನು ತಿಕ್ಕಲು ಕೂತಿದ್ದೆ. ಹುಣಸೆಹಣ್ಣು ನೆನೆಸಿಟ್ಟ ಬಟ್ಟಲಿಗೆ ಕೈ ಹಾಕಿದೆ. ಆ ಹುಳಿ ವಾಸನೆ, ಅದರ ಜೊತೆಗೆ ಒದ್ದೆ ಹಿತ್ತಾಳೆಯ ಕಿಲುಬಿನ ವಾಸನೆ ಮೂಗಿಗೆ ಬಂತು ನೋಡಿ, ದೀಪದ ಕಂಬ ಕೈಯಲ್ಲೇ ಉಳಿಯಿತು. ಹರಿಹರದ ಮೇಷ್ಟ್ರು ನೆನಪಾದರು.

ಕೂತು ಹಳೆಯದನ್ನು ನೆನೆಸಿಕೊಳ್ಳುವ ಚಟ ನನಗಿಲ್ಲ. ಆದರೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಮಗಳು, ಅಳಿಯ ಬೆಳಿಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆಯೇ ಬರುವುದು. ಮೊಮ್ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ದಾವಣಗೆರೆ ಸರಸ್ವತಿ ನಗರದ ಈ ಮನೆಯಲ್ಲಿ ಹಗಲೆಲ್ಲ ನಾನು ಮತ್ತು ಫ್ರಿಜ್ಜಿನ ಸದ್ದು, ಇಬ್ಬರೇ. ಅಂಥ ಹೊತ್ತಿನಲ್ಲಿ ಸತ್ತವರು ಬರುವುದಕ್ಕೆ ಬಾಗಿಲು ತಟ್ಟಬೇಕಾಗಿಲ್ಲ.

ನಾನು ಮೂರನೇ ಕ್ಲಾಸು ಓದಿದವಳು. ಪೇಪರ್ ಓದುತ್ತೇನೆ, ಇಷ್ಟು ಬರೆಯುತ್ತೇನೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಆಗ ನಾವು ಹರಿಹರದಲ್ಲಿದ್ದೆವು. ಅಳಿಯನಿಗೆ ಅಲ್ಲಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಬಾಡಿಗೆ ಮನೆ. ಮೊಮ್ಮಗಳಿಗೆ ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಶಕ್ತಿಯಿಲ್ಲ. ಕಾಣದ ಡಾಕ್ಟರಿಲ್ಲ, ಹರಕೆ ಹೊರದ ದೇವರಿಲ್ಲ ಅಂತ ಬರೆಯಬಹುದು, ಆದರೆ ಅದು ಸುಳ್ಳು. ಎರಡು ಮೂರು ಕಡೆ ತೋರಿಸಿದೆವು. ಇದು ಹೀಗೇ ಇರುತ್ತದೆ ಅಂದರು. ಒಂದು ಗಾಲಿಕುರ್ಚಿ ತಂದೆವು. ಸ್ಕೂಲಿಗೆ ಸೇರಿಸಿದೆವು. ನಾನು ತಳ್ಳಿಕೊಂಡು ಹೋಗುತ್ತಿದ್ದೆ, ತಳ್ಳಿಕೊಂಡು ಬರುತ್ತಿದ್ದೆ. ಅವಳದು ಬಾಯಿ ಜೋರು. ಅದು ನನ್ನ ಕಡೆಯಿಂದ ಬಂದದ್ದು.

ನಮ್ಮ ಓಣಿಯ ಕೊನೆಗೆ ಒಂದು ಹಳೇ ಶಾಲೆಯ ಕಟ್ಟಡವಿತ್ತು. ಶಾಲೆ ಯಾವಾಗಲೋ ಬೇರೆ ಕಡೆ ಹೋಗಿತ್ತು. ಹೊಳೆ ತುಂಬಿದಾಗ ನೀರು ನುಗ್ಗಬಾರದು ಅಂತ ಹಳಬರು ಅದನ್ನು ಎತ್ತರದ ಕಟ್ಟೆಯ ಮೇಲೆ ಕಟ್ಟಿದ್ದರು. ಮೆಟ್ಟಿಲು ಒಂದೊಂದೂ ಮೊಣಕಾಲುದ್ದ. ಅಲ್ಲಿನ ಒಂದು ದೊಡ್ಡ ಕೋಣೆಯಲ್ಲಿ ಮೇಷ್ಟ್ರು ಮ್ಯೂಸಿಯಂ ಇಟ್ಟುಕೊಂಡಿದ್ದರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸುತ್ತಲ ಊರುಗಳ ಅಟ್ಟ, ಗುಜರಿ ಅಂಗಡಿ, ಬಿದ್ದ ಮನೆ ಎಲ್ಲ ತಿರುಗಿ ಸಾಮಾನು ತಂದು ತುಂಬಿದ್ದರು. ಸೇರು, ಪಾವು, ತಕ್ಕಡಿ, ಎಲೆಅಡಿಕೆ ಪೆಟ್ಟಿಗೆ, ಕುಡುಗೋಲು, ದಾವಣಗೆರೆ ಹತ್ತಿಮಿಲ್ಲಿನ ನೂಲು ಸುತ್ತುವ ಕದಿರುಗಳು, ಮುಖ ಸವೆದ ಒಂದು ವೀರಗಲ್ಲು. ಕಟ್ಟಡ ಒಂದು ಕಮಿಟಿಯವರದು. ಅವರು ಕೋಣೆ ಬಿಟ್ಟುಕೊಟ್ಟು ಸುಮ್ಮನಿದ್ದರು.

ಒಳಗೆ ಎಲ್ಲವೂ ಗಾಜಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗಳು ಎತ್ತರದ ಮೇಜಿನ ಮೇಲೆ. ಎಲ್ಲ ಕಡೆ ಅವರೇ ಬಣ್ಣದಲ್ಲಿ ಬರೆದ ಬೋರ್ಡು, ಮುಟ್ಟಬಾರದು ಅಂತ. ಮನುಷ್ಯ ಸ್ವಲ್ಪ ಸಿಡುಕ. ಬಿಳಿ ಪೈಜಾಮ, ಬಿಳಿ ಶರ್ಟು, ಕಿಸೆಯಲ್ಲಿ ಬೀಗದ ಕೈ. ಒಳಗೆ ಬಂದವರ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು, ಕಳ್ಳರನ್ನು ನೋಡಿದ ಹಾಗೆ.

ಮೊಮ್ಮಗಳ ಕ್ಲಾಸಿನವರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋದರು. ನಾನು ಕರೆತರಲು ಹೋದಾಗ ಇವಳು ಬೇವಿನ ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಸುತ್ತ ಎಲ್ಲರ ಚಪ್ಪಲಿ. ಒಳಗೆ ಹುಡುಗರ ಗಲಾಟೆ ಕೇಳಿಸುತ್ತಿತ್ತು.

"ನೀ ಯಾಕ ಹೋಗ್ಲಿಲ್ಲ?" ಅಂದೆ.

"ನಂಗೆ ಡ್ಯೂಟಿ ಕೊಟ್ಟಾರೆ. ಚಪ್ಪಲಿ ಕಾಯೋದು," ಅಂದಳು. ಮುಖ ಊದಿಸಿಕೊಂಡು.

ಅವತ್ತು ರಾತ್ರಿ ಊಟದಲ್ಲಿ ಕೇಳಿದಳು: "ಅಜ್ಜಿ, ಒಳಗೆ ಏನೈತೆ?" ನಾನೂ ನೋಡಿರಲಿಲ್ಲ. ಗೊತ್ತಿಲ್ಲ ಅಂದೆ. "ಹಳೇ ಪಾತ್ರೆ ಇರ್ತಾವೆ. ನಮ್ಮನ್ಯಾಗೂ ಅದಾವೆ," ಅಂದೆ. ಅವಳು ತಟ್ಟೆ ದೂಡಿದಳು.

ಮಾರನೇ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಮೆಟ್ಟಿಲ ಕೆಳಗೆ ನಿಂತು ಮೇಷ್ಟ್ರನ್ನು ಕೂಗಿದೆ. ಅವರು ಬಾಗಿಲಿಗೆ ಬಂದರು.

"ಈ ಹುಡುಗಿ ಒಳಗೆ ನೋಡ್ಬೇಕಂತೆ ಮೇಷ್ಟ್ರೆ."

"ಅದಕ್ಕೇನಮ್ಮ. ಎತ್ಕಂಡು ಬರ್ರಿ."

ನಾನು ಸೆರಗು ಸಿಕ್ಕಿಸಿಕೊಂಡೆ. ಅವಳು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನಾ ಎತ್ತಿಸ್ಕಂಡು ಬರಲ್ಲ. ಪಾಪು ಅಲ್ಲ ನಾನು."

"ಹಂಗಾದ್ರೆ ಆ ಪಾತ್ರೆ ಎರಡು ಇಲ್ಲಿಗೇ ತಂದು ತೋರಿಸ್ರಿ," ಅಂದೆ ನಾನು.

ಮೇಷ್ಟ್ರು ಬಿಗಿದುಕೊಂಡರು. "ಪಾತ್ರೆ ಅಲ್ರಿ ಅವು. ಒಳಗಿನ ವಸ್ತು ಹೊಸ್ತಿಲು ದಾಟೋ ಹಂಗಿಲ್ಲ. ಆಯುಧ ಪೂಜೆಗೆ ತೊಳೆಯೋ ಒಂದಿನ ಬಿಟ್ಟು."

"ಹೊಸ್ತಿಲು ದಾಟೋ ಹಂಗಿಲ್ಲ ಅನ್ನಕ್ಕೆ ಅವೇನು ಬಾಣಂತಿಯರಾ?" ಅಂದೆ.

ಅವರು ಬಾಗಿಲು ಹಾಕಿಕೊಂಡರು. ನಾವೂ ಮನೆಗೆ ಬಂದೆವು. ಆದರೆ ಹುಡುಗಿ ಆಯುಧ ಪೂಜೆ ಯಾವಾಗ ಅಂತ ಕ್ಯಾಲೆಂಡರ್ ನೋಡಿಟ್ಟುಕೊಂಡಳು.

ಹಬ್ಬದ ಹಿಂದಿನ ದಿನ ಹೋದೆವು. ಮೇಷ್ಟ್ರು ಅಂಗಳದಲ್ಲಿ ಚಾಪೆ ಹಾಸಿ, ಎಲ್ಲ ಸಾಮಾನು ನೆಲಕ್ಕೆ ಇಳಿಸಿ, ಬಕೆಟಿನಲ್ಲಿ ಹುಣಸೆಹಣ್ಣು ಕಲಸಿಕೊಂಡು ಒಬ್ಬರೇ ತಿಕ್ಕುತ್ತಿದ್ದರು. ದುಡಿದ ವಸ್ತುಗಳು, ಇವಕ್ಕೆ ವರ್ಷಕ್ಕೊಂದು ಸಲವಾದರೂ ಸ್ನಾನ ಮಾಡಿಸಿ ವಿಭೂತಿ ಹಚ್ಚಬೇಕು ಅಂತ ಅವರ ಪದ್ಧತಿ. ನಮ್ಮನ್ನು ನೋಡಿಯೂ ತಿಕ್ಕುತ್ತಲೇ ಇದ್ದರು. ಹುಡುಗಿ ತಾನೇ ಕುರ್ಚಿಯಿಂದ ಜಾರಿ ಇಳಿದು, ಕೈ ಊರಿಕೊಂಡು ತೆವಳಿ, ಚಾಪೆಯ ಅಂಚಿಗೆ ಹೋಗಿ ಕೂತಳು. ಒಂದು ಸೇರು ಎಳೆದುಕೊಂಡು ತಿಕ್ಕಲು ಶುರು ಮಾಡಿದಳು. ಮೇಷ್ಟ್ರು ಅವಳ ಕೈಯನ್ನೇ ನೋಡಿದರು. ಕೆಲಸಕ್ಕೆ ಕೂತವರಿಗೆ ಮುಟ್ಟಬೇಡ ಅನ್ನುವುದು ಹೇಗೆ?

ಆ ಸೇರಿನ ಬಗ್ಗೆ ಮೇಷ್ಟ್ರಿಗೆ ಬಹಳ ಹೆಮ್ಮೆ. ಯಾವುದೋ ಹಳೇ ಕಿರಾಣಿ ಅಂಗಡಿಯದು. ಬಂದವರಿಗೆಲ್ಲ ಅದನ್ನು ಧರ್ಮದ ಸೇರು ಅಂತ ತೋರಿಸುತ್ತಿದ್ದರು. ಹಿಂದಿನವರ ಅಳತೆ ಅಂದರೆ ದೇವರ ಅಳತೆ ಅಂತ ಭಾಷಣ. ಹುಡುಗಿ ಒಳಗೆ ಕೈ ಬಿಟ್ಟು ತಿಕ್ಕುತ್ತಿದ್ದವಳು ನಿಲ್ಲಿಸಿದಳು. ಹೊರಗೆ ಒಂದು ಕೈ, ಒಳಗೆ ಒಂದು ಕೈ ಇಟ್ಟು ನೋಡಿದಳು.

"ಅಜ್ಜಾ, ಇದಕ್ಕೆ ಒಳಗಿನ ತಳ ಮ್ಯಾಲೈತೆ, ಹೊರಗಿನ ತಳ ಕೆಳಗೈತೆ."

ಮೇಷ್ಟ್ರು ಇಸಿದುಕೊಂಡು ಕೈ ಹಾಕಿದರು. ಅವರ ಕೈ ಪೂರ್ತಿ ಹೋಗಲಿಲ್ಲ. ನನ್ನ ಕೈಗೆ ಕೊಟ್ಟರು. ನಾನು ಬೆರಳು ಬಿಟ್ಟು ನೋಡಿದೆ, ಹೌದು, ತಳಕ್ಕೆ ಅರಗು ತುಂಬಿ ಮೇಲೆ ಒಂದು ತಗಡು ಕೂರಿಸಿದ್ದರು. ಅಷ್ಟು ಕಾಳು ಕಡಿಮೆ ಹಿಡಿಯಬೇಕು, ಹಾಗೆ.

"ಕಳ್ಳ ಸೇರು ಮೇಷ್ಟ್ರೆ," ಅಂದೆ. "ಧರ್ಮ ಎಲ್ಲ ಹೊರಗೇ ಐತೆ."

ಅವರು ಇನ್ನೊಂದು ಸಲ ಸೇರಿನೊಳಗೆ ಇಣುಕಿದರು. ಆಮೇಲೆ ನಕ್ಕರು ನೋಡಿ... ಕೆಮ್ಮು ಬರುವ ತನಕ ನಕ್ಕರು. ಹುಡುಗಿಯೂ ನಕ್ಕಳು. ಆ ಮನುಷ್ಯ ನಗುವುದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ನಗು ಮುಗಿದ ಮೇಲೆ ಸೇರನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಗಾಜಿನಾಗ ಇಟ್ಟು ಇಷ್ಟು ವರ್ಷ ಕಾದೀನಿ. ಒಳಗೆ ಕೈ ಹಾಕಿ ನಾನೇ ನೋಡಿಲ್ಲ," ಅಂದರು. ನನಗಲ್ಲ, ತಮಗೇ.

ಸಂಜೆ ಎಲ್ಲ ಸಾಮಾನು ಒಳಗೆ ಹೋದವು. ಹುಡುಗಿ ಹೊರಗೆ ಉಳಿದಳು. ಬಾಗಿಲು ಹಾಕುವಾಗ ಮೇಷ್ಟ್ರು ಹಿಂದಿರುಗಿ ಅವಳನ್ನು ನೋಡಿದರು, ಮೆಟ್ಟಿಲು ನೋಡಿದರು. ಅವತ್ತೇ ಅವರ ತಲೆಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಹೊಕ್ಕಿದ್ದು.

ಮೊದಲು ಮಾಡಿಸಿದ್ದು ಎಣ್ಣೆ ಡ್ರಮ್ಮು ಉರುಳಿಸುವಂಥ ಕಡಿದಾದ ಇಳಿಜಾರು. ಕುರ್ಚಿ ಅರ್ಧಕ್ಕೆ ಹೋಗುವಷ್ಟರಲ್ಲಿ ಹಿಂದಕ್ಕೆ ವಾಲಿತು. ನಾನು ಹಿಡಿಯದಿದ್ದರೆ ಹುಡುಗಿಯ ತಲೆ ಒಡೆಯುತ್ತಿತ್ತು. ಅವರನ್ನು ಚೆನ್ನಾಗಿ ಬೈದೆ. ಒಡೆಸಿದರು. ಕಟ್ಟೆ ಎತ್ತರ, ಆದ್ದರಿಂದ ದಾರಿ ಉದ್ದವಾಗಬೇಕು ಅಂತ ಮೇಸ್ತ್ರಿ ಹೇಳಿದ. ಹಾಗಾದರೆ ಹಿಂದಿನಿಂದ ಸುತ್ತಿಸಿ ಹಿತ್ತಲ ಬಾಗಿಲಿಗೆ ತರೋಣ, ಜಾಗ ಇದೆ ಅಂದರು ಮೇಷ್ಟ್ರು.

"ಹಿತ್ತಲ ಬಾಗಿಲು ಯಾಕ್ರಿ? ನನ್ನ ಮೊಮ್ಮಗಳು ಮುಟ್ಟಾದವಳಾ, ಹಿಂದಿನಿಂದ ಬರಾಕೆ?" ಅಂದೆ.

ನಮ್ಮಮ್ಮ ತಿಂಗಳಿಗೆ ಮೂರು ದಿನ ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತದ್ದನ್ನು ನೋಡಿದವಳು ನಾನು. ಆ ಬಾಗಿಲಿನ ಸುದ್ದಿ ನನಗೆ ಗೊತ್ತು. ಮೇಷ್ಟ್ರು ಹಿತ್ತಲ ಕಡೆ ಎಳೆದಿದ್ದ ಸುಣ್ಣದ ಗೆರೆ ಅಳಿಸಿ, ಮುಂದಿನ ಅಂಗಳದಲ್ಲಿ ಹೊಸ ಗೆರೆ ಎಳೆದರು. ಅಂಗಳವೆಲ್ಲ ತುಂಬಿ ಒಂದು ಸುತ್ತು ತಿರುಗಿ ಬಾಗಿಲಿಗೆ ಸೇರುವ ದಾರಿ. ಪಿಂಚಣಿ ಅದಕ್ಕೇ ಸುರಿದರು. ಒಳಗೆ ಮೇಜುಗಳ ಕಾಲು ಕೊಯ್ಸಿ ಗಿಡ್ಡ ಮಾಡಿದರು, ಗಾಜು ತೆಗೆದರು. ಆ ದಿನಗಳಲ್ಲಿ ನಾನು ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ಹೋಗುತ್ತಿದ್ದೆ. ಅವರು ಸಿಮೆಂಟಿಗೆ ನೀರು ಹೊಡೆಯುತ್ತ ತಿನ್ನುತ್ತಿದ್ದರು. ಉಪ್ಪು ಜಾಸ್ತಿ ಅನ್ನುತ್ತಿದ್ದರು. ಆದರೂ ತಿನ್ನುತ್ತಿದ್ದರು. ನನ್ನ ಗಂಡ ಹೋದ ಮೇಲೆ ಉಪ್ಪು ಜಾಸ್ತಿ ಅಂತ ನನಗೆ ಹೇಳಿದವರು ಅವರೊಬ್ಬರೇ.

ಇಷ್ಟು ದಿನ ಸುಮ್ಮನಿದ್ದ ಕಮಿಟಿಯವರಿಗೆ ಈಗ ಹುರುಪು ಬಂತು. ಉದ್ಘಾಟನೆ ಮಾಡಬೇಕು ಅಂದರು. ದೊಡ್ಡವರೊಬ್ಬರನ್ನು ಕರೆದರು. ಪೆಂಡಾಲು, ಮೈಕು, ಕುರ್ಚಿ. ಹುಡುಗಿಗೆ ಹೊಸ ಲಂಗ ಹೊಲಿಸಿದೆವು. ಅವಳೇ ಮೊದಲು ಹತ್ತಿ ಹೋಗಬೇಕು, ಯಾರೂ ತಳ್ಳಬಾರದು ಅಂತ ಅವಳೂ ಮೇಷ್ಟ್ರೂ ಮಾತಾಡಿಕೊಂಡಿದ್ದರು. ಗಾಲಿ ಹೊಡೆಯುವುದನ್ನು ದಿನಾ ಓಣಿಯಲ್ಲಿ ಅಭ್ಯಾಸ ಮಾಡಿದ್ದಳು.

ಉದ್ಘಾಟನೆಯ ದಿನ ಹೋಗಿ ನೋಡಿದರೆ, ಇಳಿಜಾರಿನ ಬಾಯಿಗೆ ಎರಡೂ ಕಡೆ ಗೊನೆ ಸಮೇತ ದಪ್ಪ ಬಾಳೆಕಂದು ಕಟ್ಟಿದ್ದರು. ಶುಭಕಾರ್ಯ ಅಂದ ಮೇಲೆ ಬಾಳೆಕಂದು ಬೇಕಲ್ಲ. ಕಟ್ಟಿದವರು ಮನುಷ್ಯರು ನಡೆದು ಹೋಗುವಷ್ಟು ಜಾಗ ಬಿಟ್ಟಿದ್ದರು. ಗಾಲಿಕುರ್ಚಿ ಹೋಗುವಷ್ಟು ಬಿಟ್ಟಿರಲಿಲ್ಲ. ಮೇಲೆಲ್ಲ ಬಣ್ಣದ ರಂಗೋಲಿ.

"ಒಂದು ಕಂದು ಬಿಚ್ರಪ್ಪ," ಅಂದೆ.

"ಅಮ್ಮಾ, ಅತಿಥಿಗಳು ಬರೋ ಮೊದ್ಲು ಬಿಚ್ಚಿದ್ರೆ ಚಂದ ಕಾಣ್ತದೇನ್ರಿ? ಆಮೇಲೆ ನೋಡಾಣ. ಕೂಡ್ರಿ," ಅಂದ ಒಬ್ಬ. ಇನ್ನೊಬ್ಬ ಹುಡುಗಿಗೆ, "ರಂಗೋಲಿ ತುಳಿಬ್ಯಾಡ ಪುಟ್ಟಿ," ಅಂದ. ಅವಳು ತುಳಿಯುತ್ತಾಳಂತೆ! ತುಳಿಯುವ ಕಾಲಿದ್ದರೆ ಇಳಿಜಾರು ಯಾಕೆ ಕಟ್ಟಿಸಬೇಕಿತ್ತು?

ದೊಡ್ಡವರು ತಡವಾಗಿ ಬಂದರು. ರಿಬ್ಬನ್ ಕತ್ತರಿಸಿ, ಇಳಿಜಾರಿನ ಮೇಲೆ ರಂಗೋಲಿ ತಪ್ಪಿಸಿ ನಡೆದು ಮೇಲೆ ಹೋದರು. ಅವರ ಹಿಂದೆ ಕಮಿಟಿ ಪೂರ್ತಿ. ಹುಡುಗಿ ಬೇವಿನ ಮರದ ಕೆಳಗೆ ಇದ್ದಳು. ಅದೇ ಮರ. ಸುತ್ತ ಎಲ್ಲರ ಚಪ್ಪಲಿ ಬೂಟು. ಭಾಷಣ ಶುರುವಾಯಿತು. ಆಮೇಲೆ ಯಾರಿಗೋ ಫೋಟೋ ನೆನಪಾಯಿತು. ಇಬ್ಬರು ಓಡಿ ಬಂದು, ಒಂದು ಮಾತು ಕೇಳದೆ, ಕುರ್ಚಿ ಸಮೇತ ಅವಳನ್ನು ಎತ್ತಿ ಮೆಟ್ಟಿಲ ಕಡೆ ಹೊರಟರು.

"ಇಳಸ್ರಿ! ನನ್ನ ಇಳಸ್ರಿ!" ಅಂತ ಕೂಗಿದಳು. ಮೈಕಿನ ಸದ್ದಿಗಿಂತ ಜೋರಾಗಿ.

ಅವರು ಗಾಬರಿಯಾಗಿ ಇಳಿಸಿದರು. ಭಾಷಣ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಕಟ್ಟೆಯ ಮೇಲೆ ಹಾಕಿದ್ದ ವೇದಿಕೆಯ ಮೂಲೆಯಲ್ಲಿ, ಇಸ್ತ್ರಿ ಬಟ್ಟೆಯಲ್ಲಿ, ಕೊರಳಿಗೆ ಹಾರ ಹಾಕಿಸಿಕೊಂಡು ಕೂತಿದ್ದ ಮೇಷ್ಟ್ರು ಎದ್ದರು. ಕೋಣೆಯೊಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಆ ಹಳೇ ಕುಡುಗೋಲು. ಹೊಸ್ತಿಲು ದಾಟಬಾರದ ವಸ್ತು... ಅದನ್ನು ಹಿಡಿದುಕೊಂಡು ಇಳಿಜಾರಿನಲ್ಲಿ ಇಳಿದು ಬಂದು ಬಾಳೆಕಂದು ಕಡಿಯಲು ನಿಂತರು.

ಕುಡುಗೋಲಿಗೆ ಹರಿತವಿರಲಿಲ್ಲ. ಗರಗಸದ ಹಾಗೆ ಎಳೆದರು. ಕಂದಿನ ನೀರು ಸೋರಿ ಬಿಳಿ ಬಟ್ಟೆಯೆಲ್ಲ ಕರೆಯಾಯಿತು. "ಮೇಷ್ಟ್ರೆ, ಅಪಶಕುನ ರೀ! ತಲಿ ಕೆಟ್ಟೈತೇನ್ರಿ?" ಅಂತ ಕಮಿಟಿಯವರು ಕೂಗಿದರು. ಅವರು ತಲೆ ಎತ್ತಲಿಲ್ಲ. ಒಂದು ಕಂದು ಗೊನೆ ಸಮೇತ ದಬ್ಬೆಂದು ಬಿತ್ತು. ಕಾಲಿನಿಂದ ಬದಿಗೆ ತಳ್ಳಿ ಹುಡುಗಿಗೆ, "ಬಾ ಮಗಳೆ," ಅಂದರು. ಅಷ್ಟೇ.

ಅವಳು ಗಾಲಿ ಹೊಡೆದುಕೊಂಡು ಹೋದಳು. ನಾನು ಹಿಂದೆ ಹೋಗಲಿಲ್ಲ. ತಿರುವಿನಲ್ಲಿ ಒಂದು ಸಲ ನಿಂತಳು, ಉಸಿರು ತಗೊಂಡಳು, ಮತ್ತೆ ಹೊಡೆದಳು. ರಂಗೋಲಿಯ ಬಣ್ಣ ಗಾಲಿಗೆ ಹತ್ತಿ, ಕೋಣೆಯ ಒಳಗಿನ ತನಕ ಎರಡು ಕೆಂಪು ಹಳದಿ ಗೆರೆ ಹೋದವು. ಒಳಗೆ ಹೋಗಿ ಏನು ಮಾಡಿದಳು ಅಂತೀರಿ? ಸೇರು ಎತ್ತಿಕೊಂಡು ಒಳಗೆ ಕೈ ಹಾಕಿದಳು. ಆ ಗೆರೆಗಳನ್ನು ಮೇಷ್ಟ್ರು ಬಹಳ ದಿನ ಒರೆಸಲಿಲ್ಲ.

ಕ್ಷಮೆ ಕೇಳಿ ಅಂದರು ಕಮಿಟಿಯವರು. ಇವರು ಕೇಳಲಿಲ್ಲ. ಬೀಗದ ಕೈ ಕಿತ್ತುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕಿತ್ತುಕೊಳ್ಳಲಿಲ್ಲ. ದಿನಾ ಬಾಗಿಲು ತೆಗೆದು ಕಸ ಹೊಡೆಯುವ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ.

ಅದಾದ ಮೇಲೆ ಮೇಷ್ಟ್ರು ಕಾದರು. ಇಂಥ ಮಕ್ಕಳು ಇನ್ನೂ ಬರುತ್ತಾರೆ ಅಂತ. ಇಳಿಜಾರಿನ ಮೇಲ್ತುದಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದರು. ಆಗೊಬ್ಬ ಈಗೊಬ್ಬ ಬಂದರು. ಕಾಲಿಗೆ ಕ್ಯಾಲಿಪರ್ ಪಟ್ಟಿ ಹಾಕಿದ ಒಬ್ಬ ಹುಡುಗ ಎರಡು ಮೂರು ಸಲ ಬಂದ. ಉಳಿದ ದಿನ ಯಾರೂ ಇಲ್ಲ.

"ಊರಾಗ ಇಂಥ ಮಕ್ಕಳೇ ಇಲ್ಲೇನ್ರಿ ಅಮ್ಮ?" ಅಂತ ಒಂದು ದಿನ ಕೇಳಿದರು.

"ಅದಾವೆ. ಒಳಗಿನ ಕ್ವಾಣ್ಯಾಗ ಅದಾವೆ. ಹೊಸ್ತಿಲು ದಾಟೋ ಹಂಗಿಲ್ಲ," ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದು ಹೇಳಿದೆ. ಆಮೇಲೆ ಇಬ್ಬರೂ ರಸ್ತೆ ನೋಡುತ್ತ ಕೂತೆವು.

ಅಳಿಯನಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಇಲ್ಲಿಗೆ ಬಂದೆವು. ಹೇಳಲು ಹೋದಾಗ ನಾನು, "ಬಾತಿ ಒಂದು ಊರು ದಾಟಿದ್ರೆ ಹರಿಹರ. ಏನು ದೂರ? ಬರ್ತೀವಿ," ಅಂದೆ. ಅವರು ನಕ್ಕ ಹಾಗೆ ಮಾಡಿದರು. "ಬಸ್ಸಿನ ಮೆಟ್ಟಿಲು ನಾ ಹೆಂಗೆ ಕೊಯ್ಸಲಮ್ಮ," ಅಂದರು. ಅವರು ಅಂದದ್ದೇ ಸರಿಯಾಯಿತು. ಬಸ್ಸಿಗೆ ಅವಳನ್ನು ಎತ್ತಲೇಬೇಕು, ಅವಳು ಎತ್ತಿಸಿಕೊಳ್ಳುವುದಿಲ್ಲ. ಆಟೋ ಮಾಡಿಕೊಂಡು ಒಂದೆರಡು ಸಲ ಹೋದೆವು. ಆಮೇಲೆ ಪರೀಕ್ಷೆ, ಟ್ಯೂಷನ್ನು, ನನ್ನ ಮೊಣಕಾಲು... ಹೀಗೇ ಆಯಿತು. ಅವರು ಹೋದ ಸುದ್ದಿ ನಮಗೆ ಗೊತ್ತಾಗುವ ಹೊತ್ತಿಗೆ ತಿಂಗಳು ಕಳೆದಿತ್ತು. ಕೊನೆಗೆ ಯಾರಿದ್ದರು ಜೊತೆಗೆ, ಯಾರು ಮಣ್ಣು ಮಾಡಿದರು, ಏನೂ ತಿಳಿಯಲಿಲ್ಲ. ಮೊಮ್ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿದೆ. ಊಟ ಬಿಟ್ಟರೆ ಯಾರು ವಾಪಸು ಬರುತ್ತಾರೆ?

ಇದೆಲ್ಲ ಮೊನ್ನೆ ಹುಣಸೆಹಣ್ಣಿನ ಬಟ್ಟಲ ಮುಂದೆ ಕೂತಾಗ ಬಂದ ನೆನಪು. ಮನೆಯ ಸಾಮಾನು ತಿಕ್ಕಿ ಮುಗಿಸಿದೆ. ಹುಳಿ ಇನ್ನೂ ಉಳಿದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಕವರಿಗೆ ಹಾಕಿ ಗಂಟು ಕಟ್ಟಿ, ಬಾಗಿಲಿಗೆ ಬೀಗ ಹಾಕಿ, ಹರಿಹರದ ಬಸ್ಸು ಹತ್ತಿದೆ. ಹತ್ತಲು ಕಂಡಕ್ಟರು ರಟ್ಟೆ ಹಿಡಿದು ಎಳೆಯಬೇಕಾಯಿತು.

ಕಟ್ಟಡ ಅಲ್ಲೇ ಇದೆ. ಬೇವಿನ ಮರವೂ ಇದೆ. ಇಳಿಜಾರಿನ ಮೇಲೆ ಯಾರೋ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಬದಿಗೆ ಸರಿಸಿಕೊಂಡು ಹತ್ತಿದೆ. ಮೆಟ್ಟಿಲು ಈಗ ನನ್ನ ಕೈಲೂ ಆಗುವುದಿಲ್ಲ. ತಿರುವಿನಲ್ಲಿ ನಿಂತು ಉಸಿರು ತಗೊಂಡೆ. ಮೇಲೆ ಹೋದರೆ ಬಾಗಿಲಿಗೆ ಬೀಗ. ದೊಡ್ಡ ಹಿತ್ತಾಳೆ ಬೀಗ, ಕಿಲುಬು ಹಿಡಿದು ಹಸಿರಾಗಿತ್ತು. ಮೆಣಸಿನಕಾಯಿಯ ಹೆಂಗಸು ಬಂದಳು.

"ಯಾರು ಬೇಕ್ರಿ ಅಜ್ಜಿ? ಅದು ತೆಗಿಯಂಗಿಲ್ಲ. ಮೇಷ್ಟ್ರು ಹೋದ ಮ್ಯಾಲೆ ಯಾರೂ ತೆಗ್ದಿಲ್ಲ. ಒಳಗೆ ಎಲ್ಲ ಹಂಗೇ ಐತಂತೆ."

ಒಳಗಿನವು ಈ ಸಲದ ಆಯುಧ ಪೂಜೆಗೂ ಹೊರಗೆ ಬರುವುದಿಲ್ಲ. ಕೈಗೆ ಸಿಕ್ಕಿದ್ದು ಬೀಗ ಒಂದೇ. ಕವರು ಬಿಚ್ಚಿ ಹುಣಸೆಹಣ್ಣು ಹಚ್ಚಿ ಬೀಗ ತಿಕ್ಕಿದೆ. ಆ ಹೆಂಗಸು ನನಗೆ ಹುಚ್ಚು ಅಂದುಕೊಂಡಿರಬೇಕು. ಒಂದು ಚೊಂಬು ನೀರು ಮಾತ್ರ ತಂದುಕೊಟ್ಟಳು.

ಅಷ್ಟರಲ್ಲಿ ಮೊಮ್ಮಗಳ ಫೋನು. ಎಲ್ಲಿದೀಯಾ ಅಂದಳು. ಹೇಳಿದೆ.

"ಇಳಿಜಾರು ಐತೇನಜ್ಜಿ?"

"ಐತೆ," ಅಂದೆ. "ಬೀಗನೂ ಐತೆ."

ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಬೀಗದ ಇನ್ನೊಂದು ಮಗ್ಗುಲು ತಿಕ್ಕಿದೆ.